ದೋಸೆ ಹಿಟ್ಟಿನ ಆಚೆ ಕೋಣೆಯಲ್ಲಿ ಎರಡು ಜೋಡಿ ಬೂಟು

"ಊಟದ ಮೇಜಿನ ಮೇಲೆ ಮೆಟ್ಟು ಇಡುವುದಾ? ನಿಂಗೆ ಮರ್ಲಾ ಮಾರಾಯ್ತಿ?"

"ಅಮ್ಮ, ಇದು ಮೆಟ್ಟಲ್ಲ. ಒಂದು ನಮೂನೆ ಯಂತ್ರ."

"ಯಂತ್ರ ಆದರೆ ಇಡಬಹುದಾ? ನಾಳೆ ನಿನ್ನಪ್ಪ ರಿಫೈನರಿಯಿಂದ ಪಂಪು ತಂದು ಸಾಂಬಾರಿನ ಪಕ್ಕ ಇಟ್ಟರೆ ನಾನು ಬಡಿಸಬೇಕಾ?"

ಮೊದಲ ಪಾಯಿಂಟ್ ಅಮ್ಮನಿಗೆ. ಬೂಟುಗಳನ್ನು ಕೆಳಗಿಳಿಸಿ, ಹಳೆಯ ಗುಜರಾತಿ ಪೇಪರು ಹಾಸಿ ಸಾಲಾಗಿ ನಿಲ್ಲಿಸಿದೆ. ಎಡಕ್ಕೆ ಹಸಿರು ಜೋಡಿ, ಬಲಕ್ಕೆ ಕಪ್ಪು ಜೋಡಿ. ಅಕ್ಟೋಬರಿನ ಶನಿವಾರ. ವಡೋದರಾ ಪಕ್ಕದ ಕೊಯಾಲಿಯ ನಮ್ಮ ಟೌನ್‌ಶಿಪ್ ಕ್ವಾರ್ಟರ್ಸಿನಲ್ಲಿ ಫ್ಯಾನು ಪೂರ್ತಿ ಜೋರಿನಲ್ಲಿ ತಿರುಗುತ್ತಿದ್ದರೂ ಕುತ್ತಿಗೆಯ ಬೆವರು ಆರುತ್ತಿರಲಿಲ್ಲ. ಅಂಥ ಮಧ್ಯಾಹ್ನ ನಮ್ಮ ಮನೆಯ ಮೂವರೂ ನೆಲದ ಮೇಲೆ ಕುಳಿತು ನೋಡುತ್ತಿದ್ದದ್ದು ಹಿಮಬೆಟ್ಟ ಹತ್ತುವ ಬೂಟುಗಳನ್ನು.

ಆಕ್ಷೇಪಣೆ ಬರುತ್ತದೆಂದು ಗೊತ್ತು: ಗುಜರಾತಿನಲ್ಲಿ ಕೂತವಳಿಗೆ ಸ್ಕೀ ಯಾಕೆ? ನನ್ನ ಮರುಪ್ರಶ್ನೆ: ಸಮುದ್ರ ಇಲ್ಲದ ಊರಿನವರು ಈಜು ಕಲಿಯಬಾರದಾ? ಕಳೆದ ಎರಡು ಚಳಿಗಾಲ ರಜೆ ಹಾಕಿ ಗುಲ್ಮಾರ್ಗಿಗೆ ಹೋಗಿ, ಬಾಡಿಗೆ ಬೂಟು ತೊಟ್ಟು, ಬಿದ್ದು ಎದ್ದು, ಲಿಫ್ಟಿನಲ್ಲಿ ಮೇಲೆ ಹೋಗಿ ಜಾರಿ ಇಳಿಯುವುದನ್ನು ಕಲಿತಿದ್ದೆ. ಎರಡನೆಯ ವರ್ಷ ಒಂದು ಬೆಳಿಗ್ಗೆ ಲಿಫ್ಟಿನ ಸಾಲಿನಲ್ಲಿ ಕಾಲು ಕುಟ್ಟುತ್ತ ನಿಂತಿದ್ದಾಗ, ಪಕ್ಕದ ದೇವದಾರು ಮರಗಳ ನಡುವೆ ನಾಲ್ಕೈದು ಜನ ಸ್ಕೀ ತೊಟ್ಟುಕೊಂಡೇ ಮೇಲಕ್ಕೆ ನಡೆದು ಹೋಗುತ್ತಿದ್ದರು. ಜಾರುವ ಹಲಗೆಯ ಮೇಲೆ ನಿಂತು ಮೇಲಕ್ಕೆ! ಹಲಗೆಯ ಅಡಿಗೆ ಒಂದು ದಿಕ್ಕಿಗೆ ಮಾತ್ರ ಜಾರುವ ರೋಮದ ಪಟ್ಟಿ ಅಂಟಿಸಿರುತ್ತಾರೆ. ಹಿಮ್ಮಡಿ ಬಿಡುಗಡೆಯಾಗಿ ಎದ್ದು ಬೀಳುತ್ತಿರುತ್ತದೆ. ತುದಿ ತಲುಪಿದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿಗೆ ಬೀಗ ಹಾಕಿ, ಯಾರೂ ತುಳಿಯದ ಇಳಿಜಾರಿನಲ್ಲಿ ಇಳಿಯುತ್ತಾರೆ. ಲಿಫ್ಟಿಲ್ಲ, ಸಾಲಿಲ್ಲ, ಟಿಕೇಟಿಲ್ಲ. ಆ ಸಾಲಿನಲ್ಲಿ ನಿಂತೇ ನಾನು ತೀರ್ಮಾನ ಮಾಡಿದ್ದೆ.

ಈ ಫೆಬ್ರವರಿಗೆ ಒಬ್ಬ ಗೈಡ್ ಸಣ್ಣ ಗುಂಪು ಕಟ್ಟುತ್ತಿದ್ದರು. ನನ್ನ ಹೆಸರೂ ಅದರಲ್ಲಿತ್ತು, ಒಂದು ಷರತ್ತಿನ ಮೇಲೆ. ಹೀಗೆ ಹತ್ತಿ ಇಳಿಯಲು ಬೇಕಾದ ಟೂರಿಂಗ್ ಬೂಟು ನನ್ನ ಅಳತೆಯಲ್ಲಿ ಅಲ್ಲಿ ಬಾಡಿಗೆಗೆ ಸಿಗುವುದಿಲ್ಲ. ಸ್ವಂತ ಬೂಟು ಬೇಕು, ಅದು ನನ್ನ ಸ್ಕೀಯ ಬೈಂಡಿಂಗಿಗೆ ಹೊಂದಬೇಕು, ಹೊಂದಿದ್ದನ್ನು ಸೋಮವಾರದೊಳಗೆ ತಿಳಿಸಬೇಕು. ಇಲ್ಲದಿದ್ದರೆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ.

ಸ್ಕೀ ಆಗಲೇ ಇತ್ತು. ಮನಾಲಿಯ ಒಬ್ಬ ತರಬೇತುದಾರರಿಂದ ಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿ ರೈಲಿನಲ್ಲಿ ತಂದದ್ದು. ಅದರ ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಕಚ್ಚಿಸುವ ಸಾಧನ, ಮೊಳೆಯ ಜಾತಿಯದು. ಮುಂದೆ ಎರಡು ಗುಂಡುಮೊಳೆಗಳು ಬೂಟಿನ ಮೂತಿಯ ಎರಡು ಲೋಹದ ಕುಳಿಗಳೊಳಗೆ ಕೂತು ಹಿಡಿಯುತ್ತವೆ. ಹಿಂದೆ ಇನ್ನೆರಡು, ಇಳಿಯುವಾಗ ಹಿಮ್ಮಡಿಗೆ. ಕುಳಿ ಇಲ್ಲದ ಬೂಟು ಎಷ್ಟು ಚಂದ ಇದ್ದರೂ ನನಗೆ ಪ್ರಯೋಜನವಿಲ್ಲ. ಸಿಕ್ಕಿದ ಎರಡೂ ಜೋಡಿಗೆ ಕುಳಿ ಇತ್ತು.

ಹಸಿರು ಜೋಡಿ ಅಹಮದಾಬಾದಿನದು. ನಾನು ಕಾನೂನು ಓದಿ ಈಗ ಜೂನಿಯರ್ ಆಗಿರುವ ವಕೀಲರ ಆಫೀಸಿನ ಕೆಳಗೇ ಒಬ್ಬರು ದಂತವೈದ್ಯೆ ಇದ್ದಾರೆ, ಪ್ರತಿ ಚಳಿಗಾಲ ಬೆಟ್ಟಕ್ಕೆ ಓಡುವವರು. ಅವರು ಹೊಸ ಬೂಟು ಕೊಂಡು ಹಳೆಯದನ್ನು "ಒಂದು ವಾರ ನೋಡಿ ಹೇಳು" ಎಂದು ಕೊಟ್ಟಿದ್ದರು. ಕಪ್ಪು ಜೋಡಿ ಸೂರತ್‌ನದು. ಕತಾರ್‌ಗಾಮ್‌ನ ವಜ್ರದ ವ್ಯಾಪಾರದ ಮನೆಯ ಹುಡುಗಿ, ನನ್ನದೇ ಪ್ರಾಯ. ಬೆಲ್ಜಿಯಮ್ಮಿನಲ್ಲಿ ಚಿಕ್ಕಪ್ಪನ ಆಫೀಸಿನಲ್ಲಿದ್ದಾಗ ಸ್ಕೀ ಕಲಿತವಳು, ಗುಲ್ಮಾರ್ಗಿನ ಅದೇ ಲಿಫ್ಟಿನ ಸಾಲಿನಲ್ಲಿ ಜಗಳವಾಡಿ ನನಗೆ ಗೆಳತಿಯಾದವಳು. ಮಾರುವ ಮುಂಚೆ ತೊಟ್ಟು ನೋಡಲು ಅವಳೂ ಒಂದು ವಾರ ಕೊಟ್ಟಿದ್ದಳು.

ಮೆತ್ತನೆಯ ಒಳಬೂಟು ತೆಗೆದು ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ಮುಟ್ಟಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆಂದು ಕೈಬೆರಳು ತೂರಿಸಿ ನೋಡಬೇಕು. ಎರಡೂ ಜೋಡಿ ಆ ಪರೀಕ್ಷೆ ಪಾಸಾದವು. ಹಾಗಾಗಿ ಉಳಿದದ್ದು ಹಳೆಯ ತಕರಾರು: ಹಗುರವಾ, ಗಟ್ಟಿಯಾ? ಹತ್ತುವಾಗ ಬೂಟು ಹಗುರವಿರಬೇಕು, ಕಣಕಾಲು ಸಲೀಸಾಗಿ ಆಡಬೇಕು. ಇಳಿಯುವಾಗ ಅದೇ ಬೂಟು ಗಟ್ಟಿಯಾಗಿ ನಿಂತು, ನಾನು ಮುಂದಕ್ಕೆ ವಾಲಿದ ಒತ್ತಡವನ್ನು ಹಲಗೆಗೆ ದಾಟಿಸಬೇಕು. ಒಂದೇ ಬೂಟಿನಿಂದ ಎರಡೂ ಪೂರ್ತಿಯಾಗಿ ಸಿಗುವುದಿಲ್ಲ, ಏನಾದರೊಂದು ಬಿಟ್ಟುಕೊಡಬೇಕು.

ನನಗೆ ಹಸಿರೇ ಬೇಕಿತ್ತು. ಕೈಯಲ್ಲಿ ಎತ್ತಿದ ಕ್ಷಣದಿಂದ ಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಹಾಗೆ ಹೇಳಿ ಗೆಲ್ಲಲಿಕ್ಕಾಗುವುದಿಲ್ಲ.

ಕಾರಣ ಅಪ್ಪನ ಕಾನೂನು. ನಾನು ಚಿಕ್ಕವಳಿದ್ದಾಗ ಟೌನ್‌ಶಿಪ್ಪಿನ ಕನ್ನಡದವರೆಲ್ಲ ಸೇರಿ ನವೆಂಬರಿನಲ್ಲಿ ಮಕ್ಕಳಿಗೆ ಚರ್ಚಾಸ್ಪರ್ಧೆ ಇಡುತ್ತಿದ್ದರು. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಗುಜರಾತಿ ಆಡುವ ನಮ್ಮ ಬಾಯಿಯಿಂದ ನಾಲ್ಕು ವಾಕ್ಯ ಕನ್ನಡ ಹೊರಡಿಸುವುದಕ್ಕೆ ಆ ಏರ್ಪಾಡು. ಪರವೋ ವಿರೋಧವೋ ಎಂದು ಚೀಟಿ ಎತ್ತಬೇಕಿತ್ತು. ಅಪ್ಪ ಆ ಪದ್ಧತಿಯನ್ನು ಮನೆಗೆ ತಂದು ಇನ್ನಷ್ಟು ಬಿಗಿ ಮಾಡಿದರು. ಮನೆಗೆ ದೊಡ್ಡದೇನು ಬರುವುದಿದ್ದರೂ ಚರ್ಚೆಯಾಗಬೇಕು. ಯಾರಿಗೆ ಯಾವುದು ಬೇಕೋ ಅವರು ಅದರ ವಿರುದ್ಧ ಮಾತಾಡಬೇಕು. ಇಂಗ್ಲಿಷಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅಮ್ಮ ಜಡ್ಜು. ವಾಷಿಂಗ್ ಮೆಷಿನ್ ಬೇಡವೆಂದು ಅಮ್ಮ ಎಷ್ಟು ಚೆನ್ನಾಗಿ ವಾದಿಸಿದ್ದಳೆಂದರೆ ಅದು ಬರಲಿಕ್ಕೆ ಮತ್ತೊಂದು ವರ್ಷ ಹಿಡಿಯಿತು. ಅಲ್ಲಿಂದ ಅಮ್ಮ ವಾದ ಬಿಟ್ಟು ಜಡ್ಜಾದಳು. ಕಾಲೇಜಿನಲ್ಲಿ ನಾನು ಗೆದ್ದ ಬಹುಮಾನಗಳೆಲ್ಲ ಈ ಅಡುಗೆಮನೆಯ ತಾಲೀಮಿನ ಫಲವೇ.

ಹೀಗೆ ಹಸಿರು ಬೇಕಾದ ನಾನು ಕಪ್ಪಿನ ಪರ ನಿಲ್ಲಬೇಕಾಯಿತು. ಮಗಳ ಕಾಲು ಭದ್ರವಾಗಿರಲಿ ಎಂದು ಕಪ್ಪನ್ನೇ ಬಯಸಿದ್ದ ಅಪ್ಪ ಹಸಿರಿನ ಪರ ನಿಂತರು. ಒಬ್ಬೊಬ್ಬರಿಗೆ ಕುಕ್ಕರು ಕೂಗುವವರೆಗೆ ಸಮಯ.

ಅಪ್ಪ ಅಮ್ಮನ ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದೇ ಬೂಟು ಇಟ್ಟರು. ಅಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅಪ್ಪ ಒಳಗಿನಿಂದ ಒಂದು ಸುಲಿದ ತೆಂಗಿನಕಾಯಿ ತಂದು ಹಸಿರು ಬೂಟಿನ ಪಕ್ಕ ಇಟ್ಟರು. ಕಾಯಿಯೂ ಹಸಿರು ಬೂಟೂ ಸೇರಿ ಒಂದು ಕಪ್ಪು ಬೂಟಿಗೆ ಸಮ.

"ನೋಡಿ ಸ್ವಾಮಿ," ಎಂದರು ಅಮ್ಮನಿಗೆ. ಚರ್ಚೆಯ ಹೊತ್ತಿಗೆ ಅಮ್ಮ ಅಪ್ಪನಿಗೂ ಸ್ವಾಮಿ. "ಎದುರು ಪಕ್ಷದವರು ಹೇಳುವುದು ಎಂತ? ಒಂದೊಂದು ಕಾಲಿಗೆ ಒಂದೊಂದು ತೆಂಗಿನಕಾಯಿ ಕಟ್ಟಿಕೊಂಡು ಬೆಟ್ಟ ಹತ್ತಬೇಕಂತೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಕಾಯಿ ಹೊರಲಿಕ್ಕೆ ಗುಲ್ಮಾರ್ಗ್ ಯಾಕೆ? ಸೂರತ್ತಿನಲ್ಲಿ ಇವಳ ಮಾವನ ಹೋಟೆಲಿನಲ್ಲಿ ಬೇಕಾದಷ್ಟು ಉಂಟು."

ಕುಕ್ಕರು ಕೂಗಿತು. ನಾನು ಎದ್ದೆ.

"ಎದುರು ಪಕ್ಷದವರು ಹತ್ತುವುದನ್ನು ಮಾತ್ರ ಹೇಳಿದರು, ಇಳಿಯುವುದನ್ನು ನುಂಗಿದರು. ಹತ್ತುವಾಗ ಸುಸ್ತಾದರೆ ಕೂತು ಚಹಾ ಕುಡಿಯಬಹುದು. ಇಳಿಯುವಾಗ ಬೂಟು ಬಗ್ಗಿದರೆ ಕೂರಲಿಕ್ಕೆ ಸಮಯ ಇರುವುದಿಲ್ಲ. ಮತ್ತೆ, ತಕ್ಕಡಿ ಹೇಳುವುದು ಭಾರ ಮಾತ್ರ. ಗಟ್ಟಿತನ ಹೇಳುವುದು ಕಾಲು. ನಾನು ಸಾಕ್ಷಿ ತೋರಿಸ್ತೇನೆ, ಎಲ್ಲರೂ ತಾರಸಿಗೆ ಬನ್ನಿ."

ತಾರಸಿಯಲ್ಲಿ ಬಿಸಿಲು ಹಾಗೇ ಸುಡುತ್ತಿತ್ತು. ಹಸಿರು ತೊಟ್ಟು, ಬಕಲು ಬಿಗಿದು, ಹಿಂದಿನ ಕೊಂಡಿಯನ್ನು ನಡೆಯುವ ಕಡೆಯಿಂದ ಇಳಿಯುವ ಕಡೆಗೆ ತಿರುಗಿಸಿ ಮುಂದಕ್ಕೆ ವಾಲಿದೆ. ಅರ್ಧ ಒಣಗಿದ ಹಪ್ಪಳದ ಹಾಗೆ ಮಣಿಯಿತು! ಮೊಣಕಾಲು ಕಟ್ಟೆಗೆ ಬಡಿಯಿತು. ಕಪ್ಪು ತೊಟ್ಟು ವಾಲಿದೆ. ಬೇಕಾದಷ್ಟೇ ಬಗ್ಗಿ, ಅಲ್ಲೇ ತಡೆದು, ಹಿಂದಕ್ಕೆ ತಳ್ಳಿತು. ನನ್ನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ವಾದಕ್ಕೆ ಇನ್ನೇನು ಉಳಿಯಿತು? ಅಮ್ಮ ಬಿಸಿಲಿಗೆ ಸೆರಗು ತಲೆಗೆಳೆದುಕೊಂಡು, "ಕಪ್ಪು. ಸಾಕು, ಕೆಳಗೆ ಬನ್ನಿ," ಎಂದಳು.

ಸೋತ ಅಪ್ಪ ಸಿಳ್ಳೆ ಹಾಕುತ್ತ ಇಳಿದರು. ಅವರು ಬಯಸಿದ್ದು ಅದೇ ಅಲ್ಲವೇ! ಗೆದ್ದ ನಾನು ಮುಖ ಊದಿಸಿಕೊಂಡು ಹಸಿರು ಜೋಡಿಯನ್ನು ಅಹಮದಾಬಾದಿಗೆ ವಾಪಸು ಕೊಡಲು ಚೀಲಕ್ಕೆ ತುಂಬಿದೆ. ಊಟದ ಹೊತ್ತಿಗೆ ತೆಂಗಿನಕಾಯಿ ಆಗಲೇ ಪಲ್ಯಕ್ಕೆ ಬಿದ್ದಿತ್ತು.

ಸಂಜೆಗೆ ಸ್ವಲ್ಪ ಮುಂಚೆ ಅಮ್ಮ ಒಣಗಿಸಿದ ಮೆಣಸು ತರಲು ಮೇಲೆ ಹೋದವಳು ಅಲ್ಲಿಂದಲೇ ಕೂಗಿದಳು.

"ಏ, ನಿನ್ನ ಕಪ್ಪು ಬೂಟು ಇಲ್ಲಿ ಬಾಯಿ ಬಿಟ್ಟುಕೊಂಡು ಕೂತಿದೆ. ಒಳ್ಳೆ ಪ್ಲಾಸ್ಟಿಕ್ಕೇನಾ ಇದು? ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ!"

ವಾಸನೆ ಹೋಗಲೆಂದು ಬಕಲು ಬಿಚ್ಚಿ ಬಿಸಿಲಿಗಿಟ್ಟು ಮರೆತಿದ್ದೆ. ಮೆಟ್ಟಿಲು ಹಾರಿ ಹೋಗಿ ಒತ್ತಿದೆ. ಹೌದು, ತಗ್ಗುತ್ತಿತ್ತು. ಮಧ್ಯಾಹ್ನ ನನ್ನನ್ನು ತಡೆದು ನಿಲ್ಲಿಸಿದ ಅದೇ ಬೂಟು! ಕೆಳಗೆ ತಂದು ಮಲಗುವ ಕೋಣೆಯ ಎಸಿ ಹಾಕಿ ಅದರ ಕೆಳಗೆ ಇಟ್ಟೆ. ಮೂವರೂ ಸುತ್ತ ಕುಳಿತೆವು. ಅಪ್ಪ ಆಗಾಗ ಮಗುವಿನ ಜ್ವರ ನೋಡುವ ಹಾಗೆ ಮುಟ್ಟಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಸೋತಿತು, ಪ್ಲಾಸ್ಟಿಕ್ ತಗ್ಗಲಿಲ್ಲ.

ಆಗ ತಲೆಯೊಳಗೆ ದೀಪ ಹತ್ತಿತು. ಬಿಸಿಲಲ್ಲಿ ಮೆತ್ತಗೆ, ಎಸಿಯಲ್ಲಿ ಗಟ್ಟಿ. ಹಾಗಾದರೆ ಹಿಮದಲ್ಲಿ?

"ಅಪ್ಪ! ನನ್ನ ಸಾಕ್ಷಿ ಸುಳ್ಳು! ಗುಜರಾತಿನ ತಾರಸಿಯ ಮೇಲೆ ಸರಿಯಾಗಿ ಬಗ್ಗಿದ ಬೂಟು ಗುಲ್ಮಾರ್ಗಿನಲ್ಲಿ ಬಗ್ಗಲಿಕ್ಕೇ ಇಲ್ಲ!"

ಅಪ್ಪ ಹಣೆ ಬಡಿದುಕೊಂಡರು. ರಿಫೈನರಿಯಲ್ಲಿ ಅವರ ಕೆಲಸವೇ ಪೈಪು, ವಾಲ್ವುಗಳ ತಪಾಸಣೆ. "ಟೆಂಪರೇಚರ್ ಬರೆಯದೆ ಬಂದ ರಿಪೋರ್ಟನ್ನು ನಾನು ಹುಡುಗರ ಮುಖಕ್ಕೆ ಎಸೀತೇನೆ ಮಾರಾಯ್ತಿ. ಮನೆಯಲ್ಲಿ ಕೇಳಲಿಕ್ಕೇ ಮರೆತುಹೋಯ್ತಲ್ಲ!"

"ನಿಮಗೆ ಮರೆತದ್ದಲ್ಲ. ನಿಮಗೆ ಬೇಕಾದ ಉತ್ತರ ಬಂತು, ಅದಕ್ಕೆ ಕೇಳಲಿಲ್ಲ."

"ಅದೂ ಹೌದು," ಎಂದರು. ಅಪ್ಪ ಒಪ್ಪಿಕೊಂಡರೆ ಚರ್ಚೆಯ ರುಚಿಯೇ ಹೋಗುತ್ತದೆ.

ಅಮ್ಮ ತೀರ್ಪು ವಾಪಸು ತೆಗೆದುಕೊಂಡಳು. ಮರುವಿಚಾರಣೆಗೆ ಬೇಕಾದದ್ದು ಚಳಿ. ವಡೋದರಾದಲ್ಲಿ, ಅಕ್ಟೋಬರಿನಲ್ಲಿ! ಅಹಮದಾಬಾದಿನ ಒಂದು ಮಾಲಿನಲ್ಲಿ ಕೃತಕ ಹಿಮದ ಆಟದ ಜಾಗ ಇದೆ. ಫೋನು ಮಾಡಿದೆ. "ಹೊರಗಿನ ಶೂಸ್ ನಾಟ್ ಅಲೌಡ್ ಮ್ಯಾಡಮ್, ನಾವು ಗಂಬೂಟು ಕೊಡ್ತೇವೆ," ಎಂದರು. ಬೂಟಿಗಾಗಿಯೇ ಬರುವವಳಿಗೆ ಬೂಟು ಬಿಟ್ಟು ಬಾ ಎಂದರೆ ಏನು ಹೇಳುವುದು? ಮನೆಯ ಫ್ರೀಜರಿಗೆ ಬೂಟು ಹಿಡಿಸುತ್ತಿರಲಿಲ್ಲ. ಹಿಡಿಸಿದ್ದರೂ ಅಮ್ಮ ನನ್ನನ್ನು ಹೊರಗೆ ಹಾಕುತ್ತಿದ್ದಳು.

ಆದರೆ ದಾರಿ ಹೇಳಿದವಳೂ ಅಮ್ಮನೇ. "ಸೂರತ್ತಿನ ಮಾವ ಹಿಟ್ಟು ಇಡುವುದು ಎಲ್ಲಿ? ಅವನ ಕೋಣೆಯ ಒಳಗೆ ಇನ್ನೊಂದು ಕೋಣೆ ಉಂಟಲ್ಲ, ಐಸ್‌ಕ್ರೀಮಿಂದು. ನಾನು ಒಮ್ಮೆ ಒಳಗೆ ಹೋಗಿ ಮೂಗು ಮರಗಟ್ಟಿತ್ತು."

ಅಮ್ಮನ ಅಣ್ಣ, ನನ್ನ ಮಾವ, ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ಹಿಂದೆ ದೊಡ್ಡ ಅಡುಗೆಮನೆ, ಅದರ ಪಕ್ಕ ನಡೆದು ಒಳಹೋಗಬಹುದಾದ ಕೋಲ್ಡ್ ರೂಮು. ಫೋನಿನಲ್ಲಿ ಅವರು ಪೂರ್ತಿ ಕೇಳಿಸಿಕೊಂಡು, "ಬೂಟಾ? ನನ್ನ ಹಿಟ್ಟಿನ ಹತ್ತಿರವಾ?" ಎಂದರು. "ಸಾಬೂನು ಹಾಕಿ ತೊಳೆದು, ಹೊಸ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಂದರೆ ಬಾ. ಒಳಗಿನ ಕೋಣೆಗೆ ಮಾತ್ರ. ಹಿಟ್ಟಿನ ಕಡೆ ತಿರುಗಿ ಸಹ ನೋಡಬಾರದು."

ಭಾನುವಾರ ಬೆಳಿಗ್ಗೆ ಅಪ್ಪನೂ ನಾನೂ ರೈಲು ಹತ್ತಿದೆವು. ತೊಳೆದ ನಾಲ್ಕು ಚಿಪ್ಪು, ನಾಲ್ಕು ಒಳಬೂಟು, ಬೆಡ್‌ಶೀಟು ಸುತ್ತಿದ ಸ್ಕೀ. ಎದುರಿಗೆ ಕೂತ ಹೆಂಗಸು ಭರೂಚಿನವರೆಗೂ ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟಳು: ಪರದೆಯ ಕೋಲಾ? ಸೂರತ್ತಿನ ಆಟೋದವನಿಗಂತೂ ಅನುಮಾನವೇ ಇರಲಿಲ್ಲ, ಅದು ಬಟ್ಟೆ ಸುತ್ತುವ ಹಲಗೆ. ಯಾವ ಮಾರ್ಕೆಟ್ಟಿಗೆ ಬಿಡಲಿ ಎಂದ.

ಕಪ್ಪು ಬೂಟಿನ ಒಡತಿ ಹೋಟೆಲಿನಲ್ಲಿ ನಮಗಿಂತ ಮೊದಲೇ ಬಂದು ಮಸಾಲೆದೋಸೆ ಮುಗಿಸಿ ಕುಳಿತಿದ್ದಳು. ನಾನು ಗುಜರಾತಿ ಹಿಂದಿ ಕಲಸಿ ಎಲ್ಲ ವಿವರಿಸಿದೆ. ಅವಳು ಜೋರಾಗಿ ನಕ್ಕಳು.

"ನಮ್ಮ ಆಫೀಸಿನಲ್ಲಿ ಹಳದಿ ದೀಪದ ಕೆಳಗೆ ವಜ್ರದ ಕಲ್ಲು ತೋರಿಸಿದರೆ ಪಪ್ಪ ಎದ್ದು ಹೋಗ್ತಾರೆ. ಮೊದಲು ಬಿಳಿ ಬೆಳಕು, ಆಮೇಲೆ ಬಣ್ಣದ ಮಾತು. ನೀನು ವಕೀಲೆಯಾಗಿ ಬಿಸಿಲಲ್ಲಿ ಹಿಮ ನೋಡಿದೆಯಲ್ಲ!"

"ನೀನು ಮಾರುವವಳು. ಬಿಸಿಲಲ್ಲೇ ನೋಡು ಅಂತ ನೀನೇ ಹೇಳಬೇಕಿತ್ತು."

"ಮಾರಿ ಆದಮೇಲೆ ಫೆಬ್ರವರಿ ಪೂರ್ತಿ ನಿನ್ನ ಬೈಗುಳದ ಫೋನು ಯಾರು ಎತ್ತೋದು? ನಡಿ, ಒಳಗೆ ನೋಡೋಣ."

ಚಿಪ್ಪುಗಳು ಬೆಳಿಗ್ಗೆಯೇ ಒಳಗೆ ಹೋದವು. ಒಳಬೂಟುಗಳನ್ನು ಹೊರಗೇ ಬೆಚ್ಚಗೆ ಇಟ್ಟೆವು, ಬೆಟ್ಟದಲ್ಲೂ ಹಾಗೇ ಮಾಡುತ್ತಾರೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮಾವ ಬೀಗದಕೈ ಕುಲುಕುತ್ತ ಬಂದರು. ಬಾಗಿಲ ಪಕ್ಕದ ಮೊಳೆಯಲ್ಲಿ ನೇತುಹಾಕಿದ್ದ ದಪ್ಪ ಕೋಟುಗಳನ್ನು ಎಲ್ಲರೂ ತೊಟ್ಟೆವು. ಮೊದಲ ಕೋಣೆಯಲ್ಲಿ ಹಿಟ್ಟಿನ ಡ್ರಮ್ಮುಗಳು, ಕೊತ್ತಂಬರಿಯ ಕಟ್ಟು, ತುರಿದ ಕಾಯಿ. "ಆ ಕಡೆ ನೋಡಬೇಡಿ, ಮುಂದೆ ಹೋಗಿ," ಎಂದರು ಮಾವ, ಮಡಿಯಲ್ಲಿರುವ ದೇವರ ಕೋಣೆಯ ಮುಂದೆ ಹಾಯಿಸುವ ಹಾಗೆ. ಆಮೇಲೆ ಒಳಬಾಗಿಲು. ಉಸಿರು ಬಿಳಿಯಾಯಿತು. ಐಸ್‌ಕ್ರೀಮಿನ ಡಬ್ಬ, ಬಟಾಣಿಯ ಮೂಟೆಗಳ ನಡುವೆ ನಾಲ್ಕು ಚಿಪ್ಪುಗಳು ತೆಳ್ಳಗೆ ಹಿಮಪುಡಿ ಹಿಡಿದು ನಿಂತಿದ್ದವು. ಒಂದು ಕ್ಷಣ ನನಗೆ ನಿಜವಾಗಿಯೂ ಗುಲ್ಮಾರ್ಗಿನ ವಾಸನೆ ಬಂತು. ಬಂದದ್ದು ಪಿಸ್ತಾ ಕುಲ್ಫಿಯ ವಾಸನೆ ಎಂದು ಅಪ್ಪ ಹೇಳುತ್ತಾರೆ. ಆ ವಾದ ಇನ್ನೂ ಮುಗಿದಿಲ್ಲ.

ಮೊದಲು ಕಪ್ಪು. ಕಾಲು ಒಳಗೆ ಹೋಗಲೇ ಇಲ್ಲ! ತಾರಸಿಯಲ್ಲಿ ಚಪ್ಪಲಿಯ ಹಾಗೆ ಬಾಯಿ ತೆರೆದಿದ್ದ ಚಿಪ್ಪು ಈಗ ಕಲ್ಲಾಗಿತ್ತು. ಅಪ್ಪ ಒಂದು ಕಡೆ ಹಿಡಿದೆಳೆದರು, ಒಡತಿ ಇನ್ನೊಂದು ಕಡೆ, ಮಾವ ಹಿಂದಿನಿಂದ ನನ್ನ ಭುಜ ಒತ್ತಿದರು.

"ಹೋಗ್ತಾ ಇದೆಯಾ?"

"ಕಾಲು ಹೋಗ್ತಾ ಇದೆ ಮಾವ, ಜೀವವೂ ಹೋಗ್ತಾ ಇದೆ!"

"ಅದನ್ನು ಹೊರಗೆ ಇಟ್ಟುಕೋ, ನಿನ್ನಮ್ಮನಿಗೆ ನಾನು ಲೆಕ್ಕ ಕೊಡಬೇಕು."

ಕೊನೆಗೆ ದಡ್ ಎಂದು ಒಳಗಿಳಿಯಿತು. ಬಕಲು ಬಿಗಿದು ಮುಂದಕ್ಕೆ ವಾಲಿದೆ. ಏನೂ ಆಗಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿದೆ. ಗೋಡೆಗೆ ಒರಗಿದ ಹಾಗಿತ್ತು. ನನಗಿಂತ ಎತ್ತರ, ನನಗಿಂತ ತೂಕ ಇರುವ ಒಡತಿ ತೊಟ್ಟಳು, ಅವಳಿಗೆ ಬೇಕಾದಷ್ಟು ಬಗ್ಗಿತು. ಬೂಟಿನಲ್ಲಿ ದೋಷವಿರಲಿಲ್ಲ, ಅದು ಅವಳ ಬೂಟಾಗಿತ್ತು, ಅಷ್ಟೆ.

ಆಮೇಲೆ ಹಸಿರು. ಇದೂ ಒಳಗೆ ಬಿಡಲು ತಕರಾರು ಮಾಡಿತು, ಆದರೆ ಬಿಟ್ಟಿತು. ಬಕಲು ಬಿಗಿದೆ. ಕೊಂಡಿ ತಿರುಗಿಸಿದೆ. ವಾಲಿದೆ.

ನಿಂತಿತು. ಆಮೇಲೆ ನಿಧಾನವಾಗಿ ಬಗ್ಗಿತು. ಆಮೇಲೆ ತಳ್ಳಿತು!

ನಾನು ಕಿರುಚಿದ್ದಕ್ಕೆ ಹೊರಗೆ ಅಡುಗೆಮನೆಯಲ್ಲಿ ಯಾರೋ ಸೌಟು ಬೀಳಿಸಿದರು. ತಾರಸಿಯ ಆ ಹಪ್ಪಳ ಇಲ್ಲಿ ಸ್ಪ್ರಿಂಗಾಗಿತ್ತು. ಮತ್ತೆ ವಾಲಿದೆ, ಮತ್ತೆ, ಮತ್ತೆ. ಬಟಾಣಿ ಮೂಟೆಗಳ ನಡುವೆ ಇಲ್ಲದ ಇಳಿಜಾರಿನಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತ ಹತ್ತು ಸಲ ಇಳಿದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಪಡಬೇಕಾದ್ದು ಇಂಥ ಕ್ಷಣದಲ್ಲೇ. ನನಗೆ ಮೊದಲಿನಿಂದ ಬೇಕಿದ್ದ ಉತ್ತರ ನನ್ನ ಕೈಗೇ ಬಂದು ಬಿದ್ದಿತ್ತು. ನಿನ್ನೆ ಅಪ್ಪ ಮಾಡಿದ್ದನ್ನೇ ಇವತ್ತು ನಾನು ಮಾಡಬಾರದಲ್ಲ. ಹೊರಗೆ ಬಂದು, ಕೋಟು ಬಿಚ್ಚುತ್ತ ಒಡತಿಗೆ ಹೇಳಿದೆ: "ಇದನ್ನು ತಗೊಂಡರೆ ನಿನ್ನ ಬೂಟು ಮಾರಾಟವಾಗಲ್ಲ. ಅದಕ್ಕೇ ಹೇಳೋದು, ಹಸಿರಲ್ಲಿ ತಪ್ಪು ಹುಡುಕು. ಕನಿಕರ ಬೇಡ."

ಅವಳಿಗೆ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎರಡು ಜೋಡಿಯ ಅಡಿಯನ್ನು ಅಕ್ಕಪಕ್ಕ ಇಟ್ಟಳು. ಹಸಿರಿನ ಅಡಿ ಗಿಡ್ಡ. ಒಳಗೆ ಕಾಲಿಗೆ ಸಿಗುವ ಜಾಗ ಒಂದೇ ಆದರೂ ಹೊರಗಿನ ಉದ್ದ ಕಡಿಮೆ.

"ನಿನ್ನ ಸ್ಕೀ ಮೊದಲು ಯಾರದ್ದು?"

"ಮನಾಲಿಯ ತರಬೇತುದಾರರದ್ದು."

"ಗಂಡಸು?"

"ಹೌದು."

"ದೊಡ್ಡ ಕಾಲು. ಹಾಗಾದರೆ ಬೈಂಡಿಂಗಿನ ಹಿಂದಿನ ತುಂಡು ಎಷ್ಟು ಹಿಂದೆ ಕೂತಿದೆ ನೋಡು. ಹಳಿಯ ಮೇಲೆ ಅದು ಇಷ್ಟು ಮುಂದೆ ಬರತ್ತಾ?"

ಸುತ್ತಿದ ಬಟ್ಟೆ ಬಿಚ್ಚಿ ನೋಡಿದೆ. ಮೂತಿಯ ಮೊಳೆ ಕಚ್ಚಿದರೆ ಸಾಲದು. ಹಿಂದಿನ ತುಂಡನ್ನು ಹಳಿಯ ಮೇಲೆ ತಿರುಪಿನಿಂದ ಸರಿಸಿ, ಹಿಮ್ಮಡಿಗೂ ಅದಕ್ಕೂ ನಡುವೆ ತಯಾರಿಸಿದವರು ಹೇಳಿದಷ್ಟೇ ಸಂದಿ ಬಿಡಬೇಕು. ಹಳಿ ಮುಗಿದರೆ ಮುಗಿಯಿತು. ಅದನ್ನು ಕಿತ್ತು ಹಲಗೆಗೆ ಬೇರೆ ತೂತು ಕೊರೆಯುವವರು ಗುಜರಾತಿನಲ್ಲಿ ಯಾರೂ ಇಲ್ಲ, ಮನಾಲಿಗೆ ಕಳಿಸಲು ನಾಳೆಯೊಳಗೆ ಸಮಯವಿಲ್ಲ. ಕಪ್ಪಿನ ಅಡಿ ಉದ್ದ, ಅದಕ್ಕೆ ಈ ತೊಂದರೆ ಇರಲಿಲ್ಲ. ನಾನು ಬಗ್ಗಿಸಲಾಗದ ಬೂಟು ಸಲೀಸಾಗಿ ಹೊಂದುತ್ತಿತ್ತು. ಬಗ್ಗುವ ಬೂಟಿಗೆ ಹಳಿ ಸಾಲುತ್ತದೋ ಇಲ್ಲವೋ!

ಅಪ್ಪ ಅಂಗಿಯ ಜೇಬಿನಿಂದ ಫೀಲರ್ ಗೇಜ್ ತೆಗೆದರು. ಸಂದಿ ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿಗಳ ಕಟ್ಟು ಅದು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

"ಭಾನುವಾರವೂ ಜೇಬಲ್ಲಿಟ್ಟು ತಿರುಗುವುದಾ?" ಎಂದರು ಮಾವ.

"ಭಾವಾ, ನೀವು ಭಾನುವಾರ ಹಿಟ್ಟಿನ ಹುಳಿ ನೋಡುವುದಿಲ್ಲವಾ?"

ಸ್ಕೀಯನ್ನು ತರಕಾರಿ ಹೆಚ್ಚುವ ಕಲ್ಲುಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮಲಗಿಸಿದೆವು. ಹಸಿರು ಬೂಟಿನ ಮೂತಿಯನ್ನು ಮುಂದಿನ ಮೊಳೆಗಳ ನಡುವೆ ಇಟ್ಟು ಒತ್ತಿದೆ. ಟಕ್! ಎರಡೂ ಕುಳಿಗೆ ಕೂತವು. ಹಿಮ್ಮಡಿ ಇಳಿಸಿದೆ. ಹಿಂದೆ ನನ್ನ ಹೆಬ್ಬೆರಳು ತೂರುವಷ್ಟು ಖಾಲಿ. ಅಪ್ಪ ಸ್ಕ್ರೂಡ್ರೈವರ್ ತಿರುಗಿಸಿದರು. ತುಂಡು ಕೂದಲೆಳೆಯಷ್ಟು ಮುಂದೆ ಬಂತು. ಮತ್ತೆ ತಿರುಗಿಸಿದರು. ಮತ್ತೆ ಕೂದಲೆಳೆಯಷ್ಟು. ಹಳಿಯ ಕೊನೆ ಕಾಣುತ್ತಿತ್ತು. ಸಂದಿಯೂ ಕಾಣುತ್ತಿತ್ತು. ಯಾವುದು ಮೊದಲು ಮುಗಿಯುತ್ತದೆ ಎನ್ನುವುದೇ ಪ್ರಶ್ನೆ. ಅಡುಗೆಯವರು, ಬಡಿಸುವವರು, ಒಡತಿ, ಮಾವ, ಎಲ್ಲರ ತಲೆ ಕಲ್ಲುಕಟ್ಟೆಯ ಮೇಲೆ. ಕ್ರಿಕೆಟ್ಟಿನ ಕೊನೆಯ ಓವರಿಗೂ ಇಷ್ಟು ಜನ ಉಸಿರು ಹಿಡಿದದ್ದನ್ನು ನಾನು ನೋಡಿಲ್ಲ.

"ಸಾಲುದಿಲ್ಲ," ಎಂದರು ಮಾವ.

"ಸಾಲ್ತದೆ," ಎಂದೆ ನಾನು.

"ಆಧಾರ?" ಎಂದರು ಅಪ್ಪ, ತಲೆ ಎತ್ತದೆ.

ಆಧಾರ ಇರಲಿಲ್ಲ. ನನ್ನ ಜೀವನದಲ್ಲಿ ಮೊದಲ ಸಲ ಆಧಾರವಿಲ್ಲದ ಮಾತಿಗೆ ಅಂಟಿಕೊಂಡು ನಿಂತಿದ್ದೆ.

ಅಪ್ಪ ತಿರುಗಿಸುವುದನ್ನು ನಿಲ್ಲಿಸಿದರು. ಗೇಜಿನ ಒಂದು ಪಟ್ಟಿ ಆರಿಸಿ ಸಂದಿಗೆ ತೂರಿಸಿದರು. ಸಡಿಲ. ಇನ್ನೊಂದು ಚೂರು ತಿರುಗಿಸಿದರು. ಮತ್ತೆ ತೂರಿಸಿದರು. ಪಟ್ಟಿ ಎರಡೂ ಕಡೆ ಸವರಿಕೊಂಡು ಒಳಗೆ ಹೋಯಿತು, ಸವರಿಕೊಂಡೇ ಹೊರಗೆ ಬಂತು. ತಿರುಪಿನಲ್ಲಿ ಇನ್ನೂ ಒಂದೆರಡು ಸುತ್ತು ಉಳಿದಿತ್ತು.

"ಪಾಸ್," ಎಂದರು ಅಪ್ಪ.

ಆಮೇಲಿನ ಗಲಾಟೆ ಹೇಳಲಿಕ್ಕೆ ಬರುವುದಿಲ್ಲ. ಒಡತಿ ನನ್ನ ಬೆನ್ನಿಗೆ ಗುದ್ದಿದಳು. "ನನ್ನ ಬೂಟು ಹೋಯ್ತು, ಅಂಕಲ್, ಪರಿಹಾರಕ್ಕೆ ಇನ್ನೊಂದು ಮಸಾಲೆದೋಸೆ!" ಎಂದು ಮಾವನ ಹತ್ತಿರ ಕೂಗಿದಳು. ಅಪ್ಪ ಫೋನಿನಲ್ಲಿ ಅಮ್ಮನಿಗೆ ಎದೆಯುಬ್ಬಿಸಿ ಹೇಳುತ್ತಿದ್ದರು: "ಚರ್ಚೆಯಲ್ಲಿ ನಾನು ಹಸಿರು ಅಂತಲೇ ಹೇಳಿದ್ದಲ್ಲ? ಕೊನೆಗೆ ಅದೇ ಆಯ್ತಲ್ಲ?"

ನಾನು ಫೋನು ಕಿತ್ತುಕೊಂಡೆ. "ಅಮ್ಮ, ಅವರು ನಂಬದೇ ಹೇಳಿದ್ದು! ತೆಂಗಿನಕಾಯಿ ತೋರಿಸಿದ್ದು ಬಿಟ್ಟರೆ ಆಧಾರವೇ ಇರಲಿಲ್ಲ!"

"ಇಬ್ಬರೂ ಸೋತಿರಿ," ಎಂದಳು ಜಡ್ಜು. "ಬೆರಳಲ್ಲಿ ಒತ್ತಿ ನೋಡಿದ್ದು ನಾನು. ಬರುವಾಗ ಅಣ್ಣನ ಹತ್ತಿರ ಹಿಟ್ಟು ತನ್ನಿ."

ಹೋಟೆಲಿನ ಹಿಂದೆ ಅಕ್ಕಿಮೂಟೆ ಎಳೆಯಲು ಒಂದು ಇಳಿಜಾರು ದಾರಿಯಿದೆ. ಮಾವನ ಕೈಕಾಲು ಹಿಡಿದು ಅದರ ಮೇಲೆ ಮದುವೆ ಊಟಕ್ಕೆ ಹಾಸುವ ಹಳೆಯ ಕೆಂಪು ಜಮಖಾನ ಹಾಸಿಸಿದೆ. ಸ್ಕೀಯ ಅಡಿಗೆ ರೋಮದ ಪಟ್ಟಿ ಅಂಟಿಸಿ, ಹಸಿರು ತೊಟ್ಟು, ಮೂತಿ ಕಚ್ಚಿಸಿ, ಹಿಮ್ಮಡಿ ಬಿಟ್ಟು, ಹಲಗೆ ಮುಂದಕ್ಕೆ ಜಾರಿಸಿದೆ. ಹಿಡಿಯಿತು! ಇನ್ನೊಂದು ಕಾಲು. ಹಿಮ್ಮಡಿ ಎದ್ದಿತು, ಇಳಿಯಿತು, ಟಕ್ ಎಂದಿತು. ಕಾಲಿಗೆ ತೆಂಗಿನಕಾಯಿ ಇರಲಿಲ್ಲ. ಬೆವರು ಧಾರೆಯಾಗಿ ಇಳಿಯುತ್ತಿತ್ತು, ಸುತ್ತ ಹತ್ತು ಫೋನುಗಳು ವಿಡಿಯೋ ಮಾಡುತ್ತಿದ್ದವು, ನಾನು ಸೂರತ್ತಿನಲ್ಲಿ ಬೆಟ್ಟ ಹತ್ತುತ್ತಿದ್ದೆ.

ಮೇಲೆ ನಿಂತು ಗೈಡಿಗೆ ಆ ವಿಡಿಯೋ ಕಳಿಸಿ ಬರೆದೆ: ಬೂಟು ಸಿಕ್ಕಿತು, ಬೈಂಡಿಂಗಿಗೆ ಕೂತಿತು.

ಕೂಡಲೇ ಉತ್ತರ ಬಂತು. ನಿನ್ನ ಜಾಗ ನಿನಗೇ. ಒಂದು ಪ್ರಶ್ನೆ, ಬೂಟು ಎಷ್ಟು ಗಟ್ಟಿ?

ಜಮಖಾನದ ಮೇಲೆ ಸ್ಕೀ ತೊಟ್ಟುಕೊಂಡೇ, ಬೆವರು ಒರೆಸಿ ಟೈಪ್ ಮಾಡಿದೆ: ಎಷ್ಟು ಚಳಿಯಲ್ಲಿ?